ನಿಮಿಷಕ್ಕೆ ಐದು ಸಾವಿರ ಗುಂಡು: ಹೆಮ್ಮೆಯೋ, ತಪ್ಪೊಪ್ಪಿಗೆಯೋ?

ನಮ್ಮೂರು ಬಸರಾಳು. ಸುತ್ತ ಕಬ್ಬು, ಭತ್ತ, ರಾಗಿ, ತೆಂಗು. ಸಮುದ್ರದ ಗಾಳಿ ನಮ್ಮ ಕಡೆ ಕನಸಿನಲ್ಲೂ ಬೀಸುವುದಿಲ್ಲ. ಅಂಥ ಊರಿನ ಜಗಲಿಯ ಮೇಲೆ 2025ರ ದೀಪಾವಳಿಯ ಮಾರನೇ ದಿನ ನಾನು ಯುದ್ಧನೌಕೆಯ ತೋಪಿನ ಬಗ್ಗೆ ಜಗಳ ಆಡಿದೆ. ಜಗಳ ಆಡಿದ್ದು ಅಕ್ಕನ ಮಗನ ಜೊತೆ. ಪಿಯುಸಿ ಮುಗಿಸಿದ್ದಾನೆ, ನೌಕಾಪಡೆಗೆ ಅಗ್ನಿವೀರನಾಗಿ ಸೇರಬೇಕೆಂದು ಬೆಳಿಗ್ಗೆ ಐದಕ್ಕೆ ಎದ್ದು ಓಡುತ್ತಾನೆ. ಅವತ್ತು ಮೊಬೈಲ್ ಮುಂದೆ ಹಿಡಿದು ಒಂದು ವಿಡಿಯೋ ತೋರಿಸಿದ. ಹಡಗಿನ ಮೇಲಿನ ಸಣ್ಣ ಗುಮ್ಮಟವೊಂದು ಸೊರ್ರನೆ ತಿರುಗಿ, ಸೀರೆ ಹರಿದಂಥ ಸದ್ದು ಮಾಡಿ, ಬೆಂಕಿಯ ಗೆರೆಯೊಂದನ್ನು ಉಗುಳಿತು.

'ಎಕೆ-630 ಮಾವ. ನಿಮ್ಸಕ್ಕೆ ಐದ್ ಸಾವ್ರ ಗುಂಡು!'

'ಯಾಕ್ಲಾ ಅಷ್ಟೊಂದು ಬೇಕು?' ಅಂದೆ.

ಅವನು ನನ್ನ ಮುಖವನ್ನು ಮರುಕದಿಂದ ನೋಡಿದ. ಜಾಸ್ತಿ ಇದ್ದರೆ ಒಳ್ಳೆಯದಲ್ಲವೇ, ಇದೂ ಗೊತ್ತಿಲ್ಲವೇ ಎಂಬ ನೋಟ. ತಪ್ಪು ಅವನದಲ್ಲ. ಆ ತಿಂಗಳು ಭೂಸೇನೆ ಇದೇ ಎಕೆ-630 ತೋಪುಗಳನ್ನು ಗಡಿ ಭಾಗದ ಜನವಸತಿಗಳ ರಕ್ಷಣೆಗೆ ನೆಲದ ಮೇಲೆ ತರಲು ಹೊರಟಿದೆ, ಆರು ತೋಪುಗಳಿಗೆ ಟೆಂಡರ್ ಕರೆದಿದೆ ಎಂಬ ಸುದ್ದಿ ಬಂದಿತ್ತು. ನಮ್ಮ ಟಿವಿಗಳಿಗೆ ಸಿಕ್ಕಿದ್ದು ಸಂಖ್ಯೆ ಒಂದೇ. ನಿಮಿಷಕ್ಕೆ ಇಷ್ಟು ಸಾವಿರ, ಶತ್ರು ಧೂಳೀಪಟ, ಎದೆ ಉಬ್ಬಿಸಿ ನೋಡಿ. ಆ ಸಂಖ್ಯೆ ಎಲ್ಲಿಂದ ಬಂತು, ಅದಕ್ಕಾಗಿ ಏನನ್ನು ಬಿಟ್ಟುಕೊಟ್ಟರು ಎಂದು ಕೇಳಿದವರನ್ನು ನಾನು ಕಾಣಲಿಲ್ಲ.

ನನ್ನ ವಾದ ಇಷ್ಟೆ. ನಿಮಿಷಕ್ಕೆ ಐದು ಸಾವಿರ ಗುಂಡು ಎನ್ನುವುದು ಶಕ್ತಿಯ ಲೆಕ್ಕವಲ್ಲ, ತಪ್ಪೊಪ್ಪಿಗೆ. 'ಗುರಿ ಎಲ್ಲಿರುತ್ತದೆಂದು ನನಗೆ ಸರಿಯಾಗಿ ಗೊತ್ತಿಲ್ಲ, ಯೋಚಿಸಲು ಸಮಯವೂ ಇಲ್ಲ' ಎಂದು ಯಂತ್ರವೊಂದು ತನ್ನ ಭಾಷೆಯಲ್ಲಿ ಹೇಳಿಕೊಳ್ಳುವ ಮಾತು ಅದು. ಆ ಮಾತನ್ನು ಹೆಮ್ಮೆಯ ಘೋಷಣೆಯಾಗಿ ಅನುವಾದಿಸುವವರು ಯಂತ್ರಕ್ಕೂ ಅನ್ಯಾಯ ಮಾಡುತ್ತಾರೆ, ಅದರ ಪಕ್ಕ ನಿಲ್ಲಲಿರುವ ನಮ್ಮ ಹುಡುಗರಿಗೂ ಅನ್ಯಾಯ ಮಾಡುತ್ತಾರೆ.

ಮೊದಲು ಈ ತೋಪು ಯಾಕೆ ಹುಟ್ಟಿತೆಂದು ನೋಡೋಣ. 1967ರ ಅಕ್ಟೋಬರ್ 21ರಂದು ಈಜಿಪ್ಟಿನ ಪುಟ್ಟ ದೋಣಿಗಳು ಹಾರಿಸಿದ ಸೋವಿಯತ್ 'ಸ್ಟಿಕ್ಸ್' ಕ್ಷಿಪಣಿಗಳಿಗೆ ಇಸ್ರೇಲಿನ ಐಲಾತ್ ಎಂಬ ದೊಡ್ಡ ಯುದ್ಧನೌಕೆ ಮುಳುಗಿತು. ನಾಲ್ಕು ವರ್ಷದ ನಂತರ, 1971ರ ಡಿಸೆಂಬರ್ 4ರ ರಾತ್ರಿ, ನಮ್ಮ ನೌಕಾಪಡೆಯ ಕ್ಷಿಪಣಿ ದೋಣಿಗಳು ಅದೇ ಸ್ಟಿಕ್ಸ್ ಹಿಡಿದು ಕರಾಚಿಯ ಬಾಗಿಲಿಗೆ ಹೋದವು. ಪಾಕಿಸ್ತಾನದ ಖೈಬರ್, ಮುಹಾಫಿಜ್ ಹಡಗುಗಳು ಮುಳುಗಿದವು. ಇನ್ನೂರು ಟನ್ನಿನ ದೋಣಿ ಸಾವಿರಾರು ಟನ್ನಿನ ಹಡಗನ್ನು ಕಣ್ಣಿಗೆ ಕಾಣದಷ್ಟು ದೂರದಿಂದ ಕೊಲ್ಲಬಹುದು ಎಂದಾದ ಮೇಲೆ ಎಲ್ಲ ನೌಕಾಪಡೆಗಳಿಗೂ ಒಂದೇ ಪ್ರಶ್ನೆ: ಎಲ್ಲ ರಕ್ಷಣೆಯನ್ನೂ ದಾಟಿ ಒಂದು ಕ್ಷಿಪಣಿ ಒಳಗೆ ನುಗ್ಗಿದರೆ ಕೊನೆಯ ಎರಡು ಕಿಲೋಮೀಟರಿನಲ್ಲಿ ಏನು ಮಾಡುವುದು? ಈ ಪ್ರಶ್ನೆಗೆ ಸಿಕ್ಕ ಉತ್ತರಗಳಲ್ಲಿ ಒಂದು ಈ ತೋಪು. ಸೋವಿಯತ್ತರು ಆರು ನಳಿಕೆಯ ತೋಪಿನ ಕೆಲಸವನ್ನು ಅರವತ್ತರ ದಶಕದಲ್ಲೇ ಶುರು ಮಾಡಿದ್ದರು. ಎಪ್ಪತ್ತರ ದಶಕದಲ್ಲಿ ಎಕೆ-630 ಹಡಗು ಹತ್ತಿತು. ಅಮೆರಿಕದ 'ಫಾಲಾಂಕ್ಸ್' 1980ರಲ್ಲಿ ಬಂತು.

ಇದರ ಹಿಂದಿನ ತಲೆಮಾರನ್ನು ಕಣ್ಣಾರೆ ನೋಡಬೇಕೆಂದರೆ ಕಾರವಾರಕ್ಕೆ ಹೋಗಿ. ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ದೋಣಿಯನ್ನು ದಡಕ್ಕೆ ತಂದು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಇದು ಕರಾಚಿ ಯುದ್ಧದಲ್ಲಿ ಹೋರಾಡಿದ ದೋಣಿ ಎಂದು ಎಷ್ಟೋ ಕಡೆ ಬರೆದಿರುವುದನ್ನು ನೀವು ಓದಿರಬಹುದು. ಚಪಲ್ ನೌಕಾಪಡೆ ಸೇರಿದ್ದೇ 1976ರಲ್ಲಿ. ಐದು ವರ್ಷ ಹಿಂದಕ್ಕೆ ಹೋಗಿ ಯುದ್ಧ ಮಾಡಲು ಅದಕ್ಕೆ ಸಾಧ್ಯವಿಲ್ಲ. ಸಣ್ಣ ತಪ್ಪೇ, ಆದರೆ ನನ್ನ ಜಗಳದ ಮೂಲ ಇಲ್ಲೇ ಇದೆ: ನಮಗೆ ಕಥೆಯ ಕಾವು ಸಾಕು, ವರ್ಷ ಬೇಡ, ಸಂಖ್ಯೆಯ ಸದ್ದು ಸಾಕು, ಅರ್ಥ ಬೇಡ.

ಚಪಲ್‌ನ ನಾಲ್ಕು ಕ್ಷಿಪಣಿ ಪೆಟ್ಟಿಗೆಗಳ ಮುಂದೆ ನಿಂತು ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ನೀವು ಮುಂದೊಂದು ಹಿಂದೊಂದು ಇರುವ ಗುಮ್ಮಟಗಳನ್ನು ನೋಡಿ. ಒಂದೊಂದರಲ್ಲೂ ಎರಡೆರಡು ತೆಳುವಾದ ನಳಿಕೆ. ಅದು ಎಕೆ-230, ಎಕೆ-630ರ ಅಣ್ಣ. ಇಬ್ಬರದೂ 30 ಮಿಲಿಮೀಟರ್ ಗುಂಡು. ಅಣ್ಣನ ಗುಂಡಿನ ಹಿಂದೆ ಮದ್ದು ಜಾಸ್ತಿ. ನಳಿಕೆ ಬಿಡುವಾಗ ಸೆಕೆಂಡಿಗೆ ಸುಮಾರು 1,050 ಮೀಟರ್ ವೇಗ. ತಮ್ಮನ ಗುಂಡು ಸೆಕೆಂಡಿಗೆ 900 ಮೀಟರಿನ ಆಸುಪಾಸು. ಅಂದರೆ ಹೊಸ ತೋಪಿನ ಗುಂಡು ಹಳೆಯದಕ್ಕಿಂತ ನಿಧಾನ! ಅಣ್ಣ ಎರಡು ನಳಿಕೆ ಸೇರಿ ನಿಮಿಷಕ್ಕೆ ಸುಮಾರು ಎರಡು ಸಾವಿರ ಹೊಡೆದರೆ ತಮ್ಮ ಐದು ಸಾವಿರ ಹೊಡೆಯುತ್ತಾನೆ. ವಿನ್ಯಾಸಕಾರರು ಗುಂಡಿನ ಓಟವನ್ನು ಬಿಟ್ಟುಕೊಟ್ಟು ಗುಂಡಿನ ಸಂಖ್ಯೆಯನ್ನು ಪಡೆದರು. ಈ ಒಂದು ಸಂಗತಿ ಗೊತ್ತಾದರೆ ಟಿವಿಯ ಅಬ್ಬರ ಅರ್ಧಕ್ಕೆ ಇಳಿಯುತ್ತದೆ. ಯಾಕೆಂದರೆ ಮುಂದಿನ ಪ್ರಶ್ನೆ ತಾನಾಗಿ ಏಳುತ್ತದೆ: ಅವರು ಯಾಕೆ ಹಾಗೆ ಮಾಡಿದರು?

ಉತ್ತರಕ್ಕೆ ಒಂದು ಸರಳ ಲೆಕ್ಕ ಸಾಕು. ಶಬ್ದಕ್ಕಿಂತ ತುಸು ನಿಧಾನವಾದ ಕ್ಷಿಪಣಿ ಸೆಕೆಂಡಿಗೆ 300 ಮೀಟರ್ ಬರುತ್ತದೆ ಎಂದುಕೊಳ್ಳಿ. ಅದು ಎರಡು ಕಿಲೋಮೀಟರ್ ದೂರದಲ್ಲಿದ್ದಾಗ ನೀವು ಮೊದಲ ಗುಂಡು ಹೊಡೆಯುತ್ತೀರಿ. ಗಾಳಿಯ ತಡೆ ಕಳೆದು ಗುಂಡಿನ ಸರಾಸರಿ ವೇಗ 700 ಮೀಟರ್ ಎಂದಿಟ್ಟುಕೊಂಡರೆ ಎರಡೂ ಭೇಟಿಯಾಗಲು ಎರಡು ಸೆಕೆಂಡು ಬೇಕು. ಅಷ್ಟರಲ್ಲಿ ಕ್ಷಿಪಣಿ 600 ಮೀಟರ್ ಮುಂದೆ ಬಂದಿರುತ್ತದೆ. ಹಾಗಾಗಿ ನೀವು ಕ್ಷಿಪಣಿಗೆ ಹೊಡೆಯುತ್ತಿಲ್ಲ. ಎರಡು ಸೆಕೆಂಡಿನ ನಂತರ ಅದು ಇರಬಹುದಾದ ಖಾಲಿ ಜಾಗಕ್ಕೆ ಹೊಡೆಯುತ್ತಿದ್ದೀರಿ. ಎದುರಿನಿಂದ ನೋಡಿದರೆ ಆ ಕ್ಷಿಪಣಿಯ ಅಗಲ ಊಟದ ತಟ್ಟೆಯಷ್ಟು. ಫ್ರೆಂಚರ ಎಕ್ಸೊಸೆಟ್ ಸುಮಾರು 35 ಸೆಂಟಿಮೀಟರ್. ತೋಪು ಮೀಟರಿಗೆ ಒಂದೇ ಒಂದು ಮಿಲಿಮೀಟರ್ ಓರೆಯಾದರೂ 1,400 ಮೀಟರ್ ದೂರದಲ್ಲಿ ಗುಂಡು ಸುಮಾರು ಒಂದೂವರೆ ಮೀಟರ್ ಪಕ್ಕಕ್ಕೆ ಹೋಗುತ್ತದೆ. ಕೆಳಗೆ ಹಡಗು ಅಲೆಯ ಮೇಲೆ ಏಳುತ್ತ ಬೀಳುತ್ತ ಇರುತ್ತದೆ. ಕ್ಷಿಪಣಿ ಕೊನೆಗಳಿಗೆಯಲ್ಲಿ ಹಾವಿನಂತೆ ಹೊರಳಲೂಬಹುದು.

ಎರಡು ಕಿಲೋಮೀಟರಿನಿಂದ 500 ಮೀಟರಿನವರೆಗೆ ನಿಮಗೆ ಸಿಗುವುದು ಐದು ಸೆಕೆಂಡು. ಸೆಕೆಂಡಿಗೆ 83 ಗುಂಡಿನಂತೆ ಸುಮಾರು ನಾನೂರು ಗುಂಡು. ಅದರಲ್ಲಿ ಒಂದೆರಡು ತಗುಲಿದರೆ ನೀವು ಗೆದ್ದಿರಿ. ಉಳಿದ ಮುನ್ನೂರ ತೊಂಬತ್ತೆಂಟು ಸಮುದ್ರಕ್ಕೆ. ಕ್ಷಿಪಣಿ ಶಬ್ದಕ್ಕಿಂತ ಎರಡೂವರೆ, ಮೂರು ಪಟ್ಟು ವೇಗದ್ದಾದರೆ ಐದು ಸೆಕೆಂಡು ಎರಡಕ್ಕಿಂತ ಕಡಿಮೆಯಾಗುತ್ತದೆ. ಐದು ಸಾವಿರ ಎಂಬ ಸಂಖ್ಯೆ ಈ ಬಡತನದಿಂದ ಹುಟ್ಟಿದ್ದು. ಅದು ಸಮಯದ ಬಡತನ, ಖಚಿತತೆಯ ಬಡತನ.

ನನ್ನ ತಾತ ಮುಸುಕಿನ ಜೋಳದ ಹೊಲ ಕಾಯುವಾಗ ಕವಣೆ ಬೀಸುತ್ತಿದ್ದರು. ಗಿಳಿ ಹಿಂಡು ದೂರವಿದ್ದರೆ ಒಂದೇ ದುಂಡು ಕಲ್ಲು. ಹತ್ತಿರ ಬಂದು ಇಳಿಯುವ ಹೊತ್ತಿಗೆ ಒಂದು ಹಿಡಿ ಗರಜು ಕಲ್ಲು. ಹಿಡಿ ಕಲ್ಲು ದೂರ ಹೋಗುವುದಿಲ್ಲ, ಜೋರಾಗಿ ತಾಗುವುದಿಲ್ಲ, ಆದರೆ ಎಲ್ಲೋ ಒಂದು ತಾಗುತ್ತದೆ. ಪಕ್ಕದ ಹೊಲದಲ್ಲಿ ಜನವೋ ದನವೋ ಇದ್ದರೆ ಹಿಡಿ ಕಲ್ಲು ಹಾಕುವಂತಿಲ್ಲ. ಅದು ಅವರ ಕಟ್ಟುನಿಟ್ಟು. ನೌಕೆಯ ತೋಪಿನ ಶಾಸ್ತ್ರವೆಲ್ಲ ಈ ಕವಣೆಯಲ್ಲಿದೆ ಎಂದರೆ ಉತ್ಪ್ರೇಕ್ಷೆ. ಆದರೆ ಅದರ ಮುಖ್ಯ ಪ್ರಶ್ನೆಗಳು ಇಲ್ಲಿವೆ: ಒಂದು ಕಲ್ಲೋ, ಹಿಡಿ ಕಲ್ಲೋ? ತಪ್ಪಿದ ಕಲ್ಲು ಬೀಳುವುದೆಲ್ಲಿ?

ಇಂಗ್ಲಿಷಿನವರು ಟ್ರೇಡ್-ಆಫ್ ಎನ್ನುವುದಕ್ಕೆ ಕನ್ನಡದಲ್ಲಿ ಎಲ್ಲರೂ ಒಪ್ಪಿದ ಪದವಿಲ್ಲ. 'ರಾಜಿ' ಎಂದರೆ ಸೋಲಿನ ವಾಸನೆ. 'ಹೊಂದಾಣಿಕೆ' ಎಂದರೆ ದಾಂಪತ್ಯದ ಬುದ್ಧಿವಾದ. ಪದ ಇಲ್ಲದಿದ್ದರೇನು, ನೀರು ಬಿಟ್ಟ ದಿನ ಕಬ್ಬಿಗೆ ಹಾಯಿಸಲೋ ಭತ್ತಕ್ಕೆ ಹಾಯಿಸಲೋ ಎಂದು ತೂಗುವ ಮಂಡ್ಯದ ರೈತ ಇದನ್ನು ದಿನಾ ಮಾಡುತ್ತಾನೆ. ನಾನು ಇದನ್ನು ಕೊಟ್ಟುಕೊಳ್ಳುವ ಲೆಕ್ಕ ಎನ್ನುತ್ತೇನೆ. ಜಗತ್ತಿನ ಸಮೀಪ ರಕ್ಷಣೆಯ ತೋಪುಗಳೆಲ್ಲ ಬೇರೆ ಬೇರೆ ರೀತಿಯ ಕೊಟ್ಟುಕೊಳ್ಳುವ ಲೆಕ್ಕಗಳೇ.

ಎಕೆ-630ರ ನಳಿಕೆಗಳು ಗುಂಡಿನದೇ ಅನಿಲದ ಒತ್ತಡದಿಂದ ತಿರುಗುತ್ತವೆ. ಹೊರಗಿನ ದೊಡ್ಡ ಮೋಟಾರು ಬೇಡ, ಹಡಗಿನ ವಿದ್ಯುತ್ತಿಗೆ ಹೊರೆಯಿಲ್ಲ, ಆದ್ದರಿಂದ ಚಿಕ್ಕ ದೋಣಿಗೂ ಹೊಂದುತ್ತದೆ. ಬದಲಿಗೆ ಮೊದಲ ತಿರುಗು ಕೊಡಲು ಬೇರೆ ವ್ಯವಸ್ಥೆ ಬೇಕು. ಗುಂಡುಗಳು ಸರಿಯಾಗಿ ಸಿಡಿಯುವುದರ ಮೇಲೇ ಓಟ ನಿಂತಿರುತ್ತದೆ. ಫಾಲಾಂಕ್ಸ್ ಹೊರಗಿನ ಶಕ್ತಿಯಿಂದ ತಿರುಗುತ್ತದೆ. ಒಂದು ಗುಂಡು ಸಿಡಿಯದಿದ್ದರೂ ಚಕ್ರ ಅದನ್ನು ಹೊರಗೆಸೆದು ಮುಂದೆ ಹೋಗುತ್ತದೆ, ಆದರೆ ಆ ಶಕ್ತಿಯನ್ನು ಹಡಗು ಒದಗಿಸಬೇಕು.

ಕಣ್ಣು ಎಲ್ಲಿರಬೇಕು ಎಂಬುದು ಇನ್ನೊಂದು ಲೆಕ್ಕ. ಫಾಲಾಂಕ್ಸ್ ತನ್ನ ರೇಡಾರನ್ನು ತಲೆಯ ಮೇಲೇ ಹೊತ್ತಿದೆ. ಬರುವ ಕ್ಷಿಪಣಿಯನ್ನೂ ತಾನು ಹೊಡೆದ ಗುಂಡುಗಳನ್ನೂ ಒಟ್ಟಿಗೆ ನೋಡಿ, ಎರಡರ ನಡುವಿನ ಅಂತರವನ್ನು ತಿದ್ದಿಕೊಳ್ಳುತ್ತದೆ. ಡೆಕ್ಕು ಕೊರೆಯದೆ ಯಾವ ಹಡಗಿನ ಮೇಲೂ ಕೂರಿಸಬಹುದು. ಆದರೆ ಗುಂಡು ಬರೀ 20 ಮಿಲಿಮೀಟರ್, ತಲುಪುವ ದೂರ ಕಡಿಮೆ. ಎಕೆ-630 ತನ್ನ ಕಣ್ಣನ್ನು ಬೇರೆ ಕಡೆ ಇಟ್ಟಿದೆ. ಹಡಗಿನ ಮೇಲೆ ಎತ್ತರದಲ್ಲಿ ಒಂದು ರೇಡಾರು, ಅದು ಎರಡು ತೋಪುಗಳಿಗೆ ದಾರಿ ತೋರಿಸಬಲ್ಲದು. ಅಗ್ಗ, ಹಗುರ. ಆದರೆ ಕಣ್ಣಿಗೂ ಕೈಗೂ ನಡುವೆ ಹಲವು ಮೀಟರ್ ಅಂತರ. ಹಡಗಿನ ಮೈ ಅಲೆಗೆ ತುಸು ಬಾಗಿದರೂ ಗುರಿ ಕದಲುತ್ತದೆ. ಡಚ್ಚರ 'ಗೋಲ್‌ಕೀಪರ್' ಏಳು ನಳಿಕೆಯ 30 ಮಿಲಿಮೀಟರ್ ತೋಪಿಗೆ ರೇಡಾರನ್ನೂ ಜೋಡಿಸಿ ಎರಡೂ ಸುಖ ಬೇಕೆಂದಿತು; ಬೆಲೆಯಾಗಿ ತೂಕ ಏರಿತು, ಹಡಗಿನ ಡೆಕ್ಕನ್ನು ಕೊರೆದು ಒಳಗೆ ಜಾಗ ಮಾಡಬೇಕಾಯಿತು.

ಗುಂಡಿನ ದಾಸ್ತಾನು ನೋಡಿ. ಎಕೆ-630ರಲ್ಲಿ ಎರಡು ಸಾವಿರ ಗುಂಡು. ಪೂರ್ತಿ ವೇಗದಲ್ಲಿ 24 ಸೆಕೆಂಡಿಗೆ ಖಾಲಿ. ಫಾಲಾಂಕ್ಸಿನ 1,550 ಗುಂಡು ಸುಮಾರು 20 ಸೆಕೆಂಡಿಗೆ ಖಾಲಿ. ಟಿವಿ 'ನಿಮಿಷಕ್ಕೆ' ಎನ್ನುತ್ತದಲ್ಲ, ಆ ನಿಮಿಷ ಯಾವತ್ತೂ ಬರುವುದಿಲ್ಲ. ಈ ತೋಪುಗಳ ಹತ್ತಿರ ಒಂದು ಪೂರ್ತಿ ನಿಮಿಷಕ್ಕಾಗುವಷ್ಟು ಗುಂಡೇ ಇರುವುದಿಲ್ಲ. ಇದ್ದರೂ ನಳಿಕೆ ಕಾದು ಕೆಂಡವಾಗುವುದರಿಂದ ಬಿಟ್ಟು ಬಿಟ್ಟು ಹೊಡೆಯಬೇಕು.

ಕೊನೆಯದಾಗಿ ತಾತನ ಕವಣೆಯ ಹೊಸ ರೂಪ. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ 35 ಮಿಲಿಮೀಟರ್ 'ಮಿಲೇನಿಯಂ' ತೋಪು ನಿಮಿಷಕ್ಕೆ ಒಂದೇ ಸಾವಿರ ಹೊಡೆಯುತ್ತದೆ. ಟಿವಿಯ ಮಾನದಂಡದಲ್ಲಿ ಐದರಲ್ಲಿ ಒಂದು ಪಾಲು. ಆದರೆ ಪ್ರತಿ ಗುಂಡಿನ ಹೊಟ್ಟೆಯಲ್ಲಿ 152 ಟಂಗ್‌ಸ್ಟನ್ ಹರಳುಗಳು. ಗುಂಡು ನಳಿಕೆಯ ತುದಿ ದಾಟುವಾಗ ಅದರ ವೇಗ ಅಳೆದು, ಎಲ್ಲಿ ಬಿಚ್ಚಿಕೊಳ್ಳಬೇಕೆಂದು ಅದಕ್ಕೆ ಹೇಳಿ ಕಳಿಸುತ್ತಾರೆ. ದೂರದವರೆಗೆ ಒಂದೇ ಕಲ್ಲಾಗಿ ಹೋಗಿ, ಗುರಿಯ ಮುಂದೆ ಹಿಡಿ ಕಲ್ಲಾಗುತ್ತದೆ. ಬೆಲೆ? ಪ್ರತಿ ಗುಂಡಿನೊಳಗೂ ಒಂದು ಪುಟ್ಟ ಗಡಿಯಾರ, ಮತ್ತು ಆ ಗುಂಡಿಗಾಗಿ ತಯಾರಕನ ಮೇಲೆ ಅವಲಂಬನೆ. ಇನ್ನೊಂದು ಕಡೆ ರಷ್ಯನ್ನರು ಎರಡು ಎಕೆ-630 ತೋಪುಗಳನ್ನು ಒಂದೇ ಗುಮ್ಮಟದಲ್ಲಿ ಜೋಡಿಸಿ ನಿಮಿಷಕ್ಕೆ ಹತ್ತು ಸಾವಿರ ಮಾಡಿದರು. ಎರಡೂ ಜಾಣರ ಕೆಲಸವೇ. ಯಾವುದು 'ದೊಡ್ಡದು' ಎಂದು ಕೇಳುವುದೇ ತಪ್ಪು ಪ್ರಶ್ನೆ.

ಬಸರಾಳಿನವರಿಗೆ ಇದು ಅರ್ಥವಾಗಬೇಕು. ನಮ್ಮೂರಿನ ಮಲ್ಲಿಕಾರ್ಜುನ ದೇವಾಲಯ ಕಟ್ಟಿಸಿದ್ದು 1234ರ ಸುಮಾರಿಗೆ ಹೊಯ್ಸಳ ಇಮ್ಮಡಿ ನರಸಿಂಹನ ಕಾಲದ ಹರಿಹರ ದಣ್ಣಾಯಕ. ದಣ್ಣಾಯಕ ಎಂದರೆ ದಂಡನಾಯಕ, ಸೇನಾಪತಿ. ಹೊಯ್ಸಳ ಶಿಲ್ಪಿಗಳು ಬಳಪದ ಕಲ್ಲನ್ನು ಆರಿಸಿಕೊಂಡರು. ಗಣಿಯಿಂದ ತೆಗೆದಾಗ ಮೆದು. ಮಣಿಸರದ ಒಂದೊಂದು ಮಣಿಯನ್ನೂ ಬಿಡಿಸಬಹುದು. ಆ ಸೂಕ್ಷ್ಮಕ್ಕಾಗಿ ಅವರು ಗ್ರಾನೈಟಿನ ಗಡಸುತನವನ್ನು, ಚೋಳರ ತಂಜಾವೂರಿನ ಎತ್ತರವನ್ನು ಬಿಟ್ಟುಕೊಟ್ಟರು. ನಮ್ಮ ಗುಡಿಯ ಮುಂದೆ ನಿಂತು 'ಇದು ಎಷ್ಟು ಅಡಿ ಎತ್ತರ?' ಎಂದಷ್ಟೇ ಕೇಳಿ ಹೋಗುವವನನ್ನು ನಾವು ಪೆದ್ದ ಎನ್ನುತ್ತೇವೆ. ತೋಪಿನ ಮುಂದೆ ನಿಂತು 'ನಿಮಿಷಕ್ಕೆ ಎಷ್ಟು?' ಎಂದಷ್ಟೇ ಕೇಳುವವನನ್ನು ದೇಶಭಕ್ತ ಎನ್ನುತ್ತೇವೆ.

ಗುಡಿಯ ವಿಷಯದಲ್ಲಿ ಪೆದ್ದತನಕ್ಕೆ ಯಾರೂ ಸಾಯುವುದಿಲ್ಲ. ಇಲ್ಲಿ ಸಾಯುತ್ತಾರೆ. 1987ರ ಮೇ 17ರಂದು ಪರ್ಷಿಯನ್ ಕೊಲ್ಲಿಯಲ್ಲಿ ಅಮೆರಿಕದ ಸ್ಟಾರ್ಕ್ ಹಡಗಿಗೆ ಇರಾಕಿ ವಿಮಾನದ ಎರಡು ಎಕ್ಸೊಸೆಟ್ ಬಡಿದು 37 ನಾವಿಕರು ಸತ್ತರು. ಹಡಗಿನ ಮೇಲೆ ಫಾಲಾಂಕ್ಸ್ ಇತ್ತು. ತಾನಾಗಿ ಹೊಡೆಯುವ ಸ್ಥಿತಿಯಲ್ಲಿರಲಿಲ್ಲ. 2006ರ ಜುಲೈ 14ರಂದು ಬೈರೂತ್ ಬಳಿ ಇಸ್ರೇಲಿನ ಹನಿತ್ ಹಡಗಿಗೆ ಕ್ಷಿಪಣಿ ತಗುಲಿ ನಾಲ್ವರು ಸತ್ತಾಗಲೂ ಕ್ಷಿಪಣಿ ತಡೆಯುವ ವ್ಯವಸ್ಥೆಯನ್ನು ಚಾಲೂ ಮಾಡಿರಲಿಲ್ಲ. 2022ರ ಏಪ್ರಿಲ್‌ನಲ್ಲಿ ಕಪ್ಪು ಸಮುದ್ರದಲ್ಲಿ ಮುಳುಗಿದ ರಷ್ಯಾದ ಮಾಸ್ಕ್ವಾ ನೆನಪಿದೆಯೇ? ಎರಡು ನೆಪ್ಚೂನ್ ಕ್ಷಿಪಣಿ ಹೊಡೆದೆವು ಎಂದಿತು ಉಕ್ರೇನ್. ಬೆಂಕಿ ಬಿದ್ದು ಮದ್ದು ಸಿಡಿಯಿತು ಎಂದಿತು ರಷ್ಯಾ. ಆ ಹಡಗಿನ ಮೇಲೆ ಆರು ಎಕೆ-630 ತೋಪುಗಳಿದ್ದವು. ಟಿವಿ ಲೆಕ್ಕದಲ್ಲಿ ನಿಮಿಷಕ್ಕೆ ಮೂವತ್ತು ಸಾವಿರ ಗುಂಡು.

ಸದಾ ಚಾಲೂ ಇಟ್ಟರೆ ಆಯಿತಲ್ಲ ಎನ್ನುತ್ತೀರಾ? 1991ರ ಫೆಬ್ರವರಿಯಲ್ಲಿ, ಕೊಲ್ಲಿ ಯುದ್ಧದ ನಡುವೆ, ತಾನಾಗಿ ಹೊಡೆಯುವ ಸ್ಥಿತಿಯಲ್ಲಿದ್ದ ಜ್ಯಾರೆಟ್ ಹಡಗಿನ ಫಾಲಾಂಕ್ಸ್, ಕ್ಷಿಪಣಿಯ ದಾರಿ ತಪ್ಪಿಸಲು ಮಿಸೌರಿ ಹಡಗು ಹಾರಿಸಿದ ಲೋಹದ ಚೂರುಗಳ ಮೋಡಕ್ಕೆ ಹೊಡೆಯಿತು. ಕೆಲವು ಗುಂಡು ಮಿಸೌರಿಗೇ ಬಡಿದವು. 1996ರ ಜೂನ್‌ನಲ್ಲಿ ಸಮರಾಭ್ಯಾಸದ ವೇಳೆ ಜಪಾನಿನ ಯೂಗಿರಿ ಹಡಗಿನ ಫಾಲಾಂಕ್ಸ್, ವಿಮಾನ ಎಳೆದೊಯ್ಯುತ್ತಿದ್ದ ಗುರಿಯನ್ನು ಬಿಟ್ಟು ಎಳೆಯುತ್ತಿದ್ದ ಅಮೆರಿಕನ್ ವಿಮಾನವನ್ನೇ ಕೆಡವಿತು. ಪೈಲಟ್‌ಗಳು ಹೊರಗೆ ಹಾರಿ ಬದುಕಿಕೊಂಡರು. ಮನುಷ್ಯ ಒಪ್ಪಿಗೆ ಕೊಡಲಿ ಎಂದು ಕಾದರೆ ಐದು ಸೆಕೆಂಡು ಮುಗಿದಿರುತ್ತದೆ. ಕಾಯದಿದ್ದರೆ ಯಂತ್ರ ಗೆಳೆಯನನ್ನು ಕೊಲ್ಲಬಹುದು. ಇದು ಎಲ್ಲಕ್ಕಿಂತ ಕಠಿಣ ಕೊಟ್ಟುಕೊಳ್ಳುವ ಲೆಕ್ಕ. ಇದು ನಿಮಿಷಕ್ಕೆ ಎಷ್ಟು ಎಂಬ ಸಂಖ್ಯೆಯಲ್ಲಿ ಕಾಣಿಸುವುದೇ ಇಲ್ಲ.

ಗುರಿ ತಗುಲಿದರೂ ಕಥೆ ಮುಗಿಯುವುದಿಲ್ಲ. 1983ರಲ್ಲಿ ಅಮೆರಿಕದ ಆ್ಯಂಟ್ರಿಮ್ ಹಡಗಿನ ಅಭ್ಯಾಸದಲ್ಲಿ ಫಾಲಾಂಕ್ಸ್ ಗುರಿಯ ಡ್ರೋನಿಗೆ ಸರಿಯಾಗೇ ಹೊಡೆಯಿತು. ಒಡೆದ ಡ್ರೋನು ನೀರಿಗೆ ಬಡಿದು, ಪುಟಿದು, ಹಡಗಿಗೇ ಅಪ್ಪಳಿಸಿತು. ಒಬ್ಬ ನಾಗರಿಕ ಬೋಧಕ ಸತ್ತ. ಹತ್ತಿರದಲ್ಲಿ ಗೆಲ್ಲುವುದೆಂದರೆ ಹೀಗೆ. ಸತ್ತ ಕ್ಷಿಪಣಿಯೂ ತನ್ನ ವೇಗದಲ್ಲೇ ಬರುತ್ತಿರುತ್ತದೆ.

ಹಾಗಾದರೆ ಎಕೆ-630 ಬೇಡವೇ? ಅಕ್ಕನ ಮಗ ಕೇಳಿದ್ದೂ ಇದನ್ನೇ. ಬೇಕು. ಹಗುರ, ಅಗ್ಗ, ಗಟ್ಟಿ. ಚಿಕ್ಕ ದೋಣಿಯಿಂದ ಹಿಡಿದು 2022ರಲ್ಲಿ ನೌಕಾಪಡೆ ಸೇರಿದ ವಿಕ್ರಾಂತ್‌ವರೆಗೆ ಹೊಂದುತ್ತದೆ. ರಷ್ಯಾದಿಂದ ತಂದ ತಲವಾರ್ ಸರಣಿಯ ಮೊದಲ ಮೂರು ಹಡಗುಗಳಲ್ಲಿ ತೋಪು-ಕ್ಷಿಪಣಿ ಎರಡೂ ಇರುವ ಸಂಕೀರ್ಣ 'ಕಷ್ಟಾನ್' ಇತ್ತು. ನಂತರದ ಮೂರರಲ್ಲಿ ಸರಳ ಎಕೆ-630ಕ್ಕೆ ಮರಳಿದರು. ಇಂಥ ತೋಪು ಒಮ್ಮೊಮ್ಮೆ ಪ್ರಾಣ ಉಳಿಸುತ್ತದೆ ಎಂಬುದಕ್ಕೂ ಸಾಕ್ಷಿಯಿದೆ: 2024ರ ಜನವರಿಯಲ್ಲಿ ಕೆಂಪು ಸಮುದ್ರದಲ್ಲಿ ಹೂಥಿಗಳ ಕ್ಷಿಪಣಿಯೊಂದು ಅಮೆರಿಕದ ಗ್ರೇವ್ಲಿ ಹಡಗಿಗೆ ಸುಮಾರು ಒಂದು ಮೈಲಿ ಹತ್ತಿರ ಬಂದಾಗ ಕೆಡವಿದ್ದು ಫಾಲಾಂಕ್ಸೇ. ನನ್ನ ತಕರಾರು ತೋಪಿನ ಮೇಲಲ್ಲ, ಅದನ್ನು ನೋಡುವ ನಮ್ಮ ಕಣ್ಣಿನ ಮೇಲೆ.

ಆ ಕಣ್ಣಿಗೆ 2025ರ ಮೇ ತಿಂಗಳು ಒಂದು ಪಾಠ ಹೇಳಿತ್ತು. ಆಪರೇಷನ್ ಸಿಂಧೂರದ ದಿನಗಳಲ್ಲಿ ಗಡಿ ದಾಟಿ ಬಂದ ಡ್ರೋನುಗಳ ವಿರುದ್ಧ ಕೆಲಸಕ್ಕೆ ಬಂದವುಗಳಲ್ಲಿ ಎಲ್-70 ಎಂಬ ಹಳೇ ಬೋಫೋರ್ಸ್ ತೋಪೂ ಒಂದು. ಅದರ ವಿನ್ಯಾಸ ಎರಡನೇ ಮಹಾಯುದ್ಧ ಮುಗಿದ ಹೊಸತರದ್ದು. ನಿಮಿಷಕ್ಕೆ ಹೊಡೆಯುವುದು ಮುನ್ನೂರರ ಆಸುಪಾಸು. ಅದಕ್ಕೆ ಹೊಸ ಕಣ್ಣು ಕೊಟ್ಟು ಮೇಲ್ದರ್ಜೆಗೇರಿಸಿದ್ದು ಬೆಂಗಳೂರು ಮೂಲದ ನಮ್ಮ ಬಿಇಎಲ್. ನಿಧಾನದ ಡ್ರೋನು ಬೇರೆ, ಅಲೆಯ ಮೇಲೆ ಸವರಿ ಬರುವ ಕ್ಷಿಪಣಿ ಬೇರೆ, ಒಪ್ಪುತ್ತೇನೆ. ಆದರೂ ಕಣ್ಣು ಸರಿಯಾದರೆ ಕೈ ಎಷ್ಟು ಸಲ ಬೀಸಬೇಕೆಂಬ ಲೆಕ್ಕವೇ ಬದಲಾಗುತ್ತದೆ. ಅದೇ ಬಿಇಎಲ್ ಜೊತೆ 2023ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವಾಲಯ, ಹಡಗಿನ ತೋಪುಗಳಿಗೆ ಗುರಿ ತೋರಿಸುವ 13 'ಲಿಂಕ್ಸ್-ಯು2' ವ್ಯವಸ್ಥೆಗಳಿಗಾಗಿ 1,700 ಕೋಟಿ ರೂಪಾಯಿಗೂ ಮೀರಿದ ಒಪ್ಪಂದ ಮಾಡಿಕೊಂಡಿತು. ನಮ್ಮ ರಾಜಧಾನಿಯ ಜಾಲಹಳ್ಳಿಯ ಸಂಸ್ಥೆ. ಇದರ ಬಗ್ಗೆ ಹೆಮ್ಮೆಯ ವಿಡಿಯೋ ನನಗೆ ಯಾರೂ ಕಳಿಸಲಿಲ್ಲ. ಕಣ್ಣು ಸದ್ದು ಮಾಡುವುದಿಲ್ಲವಲ್ಲ.

ಈಗ ಮತ್ತೆ ತಾತನ ಕಟ್ಟುನಿಟ್ಟಿಗೆ ಬರೋಣ. ಸಮುದ್ರದಲ್ಲಿ ತಪ್ಪಿದ ಮುನ್ನೂರ ತೊಂಬತ್ತೆಂಟು ಗುಂಡು ನೀರಿಗೆ ಬೀಳುತ್ತವೆ. ಊರಿನ ಮೇಲೆ? ಅಮೆರಿಕದವರು ಇರಾಕಿನಲ್ಲಿ ಫಾಲಾಂಕ್ಸನ್ನು ನೆಲಕ್ಕಿಳಿಸಿದಾಗ ಹಡಗಿನ ಗುಂಡನ್ನು ಬಳಸಲಿಲ್ಲ. ಗುರಿ ತಪ್ಪಿದರೆ ಆಕಾಶದಲ್ಲೇ ತಾನಾಗಿ ಸಿಡಿದುಹೋಗುವ ಬೇರೆ ಗುಂಡು ಹಾಕಿದರು. ಗುಡಿ, ಶಾಲೆ, ಸಂತೆ ಇರುವ ಜಾಗದ ರಕ್ಷಣೆಗೆ ಹಡಗಿನ ತೋಪು ತರುವಾಗ ಕೇಳಬೇಕಾದ ಮೊದಲ ಪ್ರಶ್ನೆ ತಪ್ಪಿದ ಗುಂಡಿನದು. ಪ್ರತಿ ನೂರು ಗುಂಡಿನಲ್ಲಿ ಎಷ್ಟು ಸಿಡಿಯದೆ ಕೆಳಗೆ ಬಂದರೆ ಒಪ್ಪಿತ? ಯಾರ ತಲೆಯ ಮೇಲೆ? ಟೆಂಡರು ಬರೆಯುವ ಸೇನಾಧಿಕಾರಿಗಳಿಗೆ ಇದು ಹೊಳೆಯದೆ ಇರಲಾರದು. ಹೊಳೆಯದೆ ಇರುವುದು ನಮಗೆ. ಆ ಗುಂಡಿನ ಕೆಳಗೆ ಬದುಕುವವರಿಗೆ, ಅದರ ಹಣ ಕೊಡುವವರಿಗೆ.

ಇದರಲ್ಲಿ ಸಾಹಿತ್ಯದ ಮಂದಿಯೂ ತಪ್ಪಿತಸ್ಥರು. ಒಂದು ಕಡೆ ಸಂಖ್ಯೆ ಕೂಗುವ ಟಿವಿ. ಇನ್ನೊಂದು ಕಡೆ 'ತೋಪು, ಕ್ಷಿಪಣಿ ನಮ್ಮ ವಿಷಯವಲ್ಲ' ಎಂದು ಮೂಗು ಮುರಿಯುವ ನಾವು. ಯುದ್ಧ ಬೇಡ ಎಂದು ಕವಿತೆ ಬರೆದರೆ ನಮ್ಮ ಜವಾಬ್ದಾರಿ ಮುಗಿಯಿತು ಎಂದುಕೊಂಡಿದ್ದೇವೆ. ಒಂದು ಪದ್ಯದಲ್ಲಿ ಕವಿ ಯಾವ ಪದವನ್ನು ಬಿಟ್ಟ, ಯಾಕೆ ಬಿಟ್ಟ ಎಂದು ಮೂರು ಗಂಟೆ ಚರ್ಚಿಸುವ ವಿದ್ಯಾರ್ಥಿ, ಒಂದು ಯಂತ್ರದಲ್ಲಿ ವಿನ್ಯಾಸಕಾರ ಏನನ್ನು ಬಿಟ್ಟ ಎಂದು ಕೇಳುವುದಿಲ್ಲ. ಎರಡೂ ಒಂದೇ ಓದು. ಆಯ್ಕೆ ಇರುವಲ್ಲೆಲ್ಲ ಓದು ಇದೆ. ನಾವು ಓದದೆ ಬಿಟ್ಟ ಜಾಗವನ್ನು ಸದ್ದು ತುಂಬಿಕೊಂಡಿದೆ. ಆ ಸದ್ದನ್ನೇ ಪಠ್ಯ ಎಂದು ನಂಬಿ ಬೆಳಿಗ್ಗೆ ಐದಕ್ಕೆ ಎದ್ದು ಓಡುವ ಹುಡುಗರು ನಮ್ಮ ತಾಲ್ಲೂಕಿನವರು, ಕವಿತೆಯವರಲ್ಲ.

ಕಳೆದ ತಿಂಗಳು ಅವನನ್ನು ಕಾರವಾರಕ್ಕೆ ಕರೆದುಕೊಂಡು ಹೋಗಿದ್ದೆ. ಚಪಲ್‌ನ ಹಿಂದಿನ ಗುಮ್ಮಟದ ಪಕ್ಕ ತುಂಬಾ ಹೊತ್ತು ನಿಂತ. ಮೊಬೈಲ್ ಜೇಬಿನಲ್ಲೇ ಇತ್ತು. ಆಮೇಲೆ ಅಲ್ಲಿದ್ದ ಸಿಬ್ಬಂದಿಯನ್ನು ಕೇಳಿದ:

'ಸಾರ್, ಇದ್ರ ರೇಡಾರ್ ಎಲ್ಲಿತ್ತು? ಅದು ಕೆಟ್ಟೋದ್ರೆ ಈ ತೋಪಿನ ಹತ್ರ ಇರೋರು ಏನ್ ಮಾಡೋರು?'

ಸಿಬ್ಬಂದಿ ಮೇಲೆ ಕೈ ತೋರಿಸಿ ರೇಡಾರಿನ ಜಾಗ ಹೇಳಿದರು. ಎರಡನೇ ಪ್ರಶ್ನೆಗೆ ನಕ್ಕು, ಇದುವರೆಗೆ ಯಾರೂ ಕೇಳಿರಲಿಲ್ಲ ಅಂದರು.